ಒಲೆ, ಕಿಟಕಿ, ಬಾಗಿಲು, ಬಾವಿ

ಮೇ ೪

ತಂಗಿ ಬಂದಿದ್ದಾಳೆ. ಹೆಗಲ ಚೀಲದಲ್ಲಿ ಎರಡು ಜೊತೆ ಬಟ್ಟೆ, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ. ಗಂಡನ ಮನೆ ಬಿಟ್ಟು ಬರುವ ಹೆಣ್ಣು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ಬರುವುದನ್ನು ಇಷ್ಟು ವರ್ಷಗಳಲ್ಲಿ ನಾನು ಎಲ್ಲೂ ಓದಿಲ್ಲ.

"ಬಿಸಿ ಇತ್ತು ಅಕ್ಕಾ. ಎಲ್ಲಿಟ್ರೂ ಸುಡುತ್ತೆ ಅಂತ ಕೈಲೇ ಹಿಡ್ಕೊಂಡಿದ್ದೆ. ಆಮೇಲೆ ನೋಡಿದ್ರೆ ಬಸ್ಸಲ್ಲಿದ್ದೆ."

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಮುಂದೇನು ಮಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಚಹಾ ಮಾಡಿದೆ.

ಗಂಡ ಹೊಡೆಯುತ್ತಾರಾ ಎಂದು ಕೇಳಿದೆ. "ಛೆ, ಇಲ್ಲ. ಒಳ್ಳೇವ್ರು ಕಣೆ. ಕಾಳಜಿ ಜಾಸ್ತಿ" ಎಂದಳು. ಅವಳಿಗೆ ಫೋನ್ ಬಂದರೆ ಅವರೇ ಎತ್ತಿಕೊಳ್ಳುತ್ತಾರಂತೆ. "‘ಅವಳಿಗೆ ಹುಷಾರಿಲ್ಲ, ಮಲಗಿದ್ದಾಳೆ’ ಅಂತಾರೆ. ನಾನು ಪಕ್ಕದಲ್ಲೇ ಕೂತು ಕೇಳಿಸ್ಕೋತಾ ಇರ್ತೀನಿ. ಸ್ವಲ್ಪ ಹೊತ್ತಾದ್ಮೇಲೆ ನಿಜವಾಗ್ಲೂ ಹುಷಾರಿಲ್ಲ ಅನ್ಸೋಕೆ ಶುರುವಾಗುತ್ತೆ."

ನನ್ನ ಮನೆ ಒಬ್ಬಳಿಗೆಂದು ಹೊಂದಿಸಿಕೊಂಡದ್ದು. ಮಂಚ ಒಂದು, ಒಳ್ಳೆಯ ದಿಂಬು ಒಂದು. ಎರಡನ್ನೂ ಅವಳಿಗೆ ಕೊಟ್ಟು ನಡುಮನೆಯ ಸೋಫಾದಲ್ಲಿ ಮಲಗುತ್ತೇನೆ. ತ್ಯಾಗವೇನೂ ಅಲ್ಲ, ಅವಳು ನಿದ್ದೆಯಲ್ಲಿ ಕಾಲು ಹಾಕುತ್ತಾಳೆ, ಚಿಕ್ಕಂದಿನಿಂದಲೂ.

ಮೇ ೬

ಸಂಪಾದಕರು ವಿಶೇಷ ಸಂಚಿಕೆಗೆ ಲೇಖನ ಬರೆಯಲು ಹೇಳಿದ್ದಾರೆ. ಸಣ್ಣಕಥೆಗಳಲ್ಲಿ ಹೆಣ್ಣಿನ ಮಾದರಿಗಳು. "ನಿಮ್ಮ ಟ್ರೇಗಳ ಬಗ್ಗೆ ಬರೀರಿ, ಹೊರಗಿನೋರಿಗೆ ಅರ್ಥ ಆಗೋ ಹಾಗೆ" ಎಂದರು. ಅಭ್ಯಾಸಕ್ಕೆ ಇಲ್ಲಿ ಬರೆದು ನೋಡುತ್ತೇನೆ.

ನಮ್ಮ ಮಾಸಪತ್ರಿಕೆಗೆ ಬರುವ ಕಥೆಗಳನ್ನು ಮೊದಲು ಓದುವವಳು ನಾನು. ಮೇಜಿನ ಮೇಲೆ ನಾಲ್ಕು ತಗಡಿನ ಟ್ರೇಗಳಿವೆ. ಕಥೆಯ ಹೆಣ್ಣು ಕೊನೆಯಲ್ಲಿ ಎಲ್ಲಿ ನಿಂತಳು ಎಂಬುದರ ಮೇಲೆ ಕಥೆ ಟ್ರೇ ಸೇರುತ್ತದೆ. ಎಲ್ಲರಿಗೂ ಬಡಿಸಿ ತಾನು ಉಳಿದದ್ದನ್ನು ಉಣ್ಣುವವಳು ಒಲೆ. ಯಾರಿಗೋ ಯಾವುದಕ್ಕೋ ಕಾಯುವವಳು ಕಿಟಕಿ. ಹೊರಟುಹೋಗುವವಳು ಬಾಗಿಲು. ಸಾಯುವವಳು ಬಾವಿ, ಅವಳು ಹೇಗೇ ಸತ್ತಿರಲಿ. ಒಂದು ಸಂಚಿಕೆಯಲ್ಲಿ ನಾಲ್ಕೂ ಬಗೆ ಸಮನಾಗಿ ಇರಲೆಂದು ನನಗಿಂತ ಹಿಂದೆ ಇದ್ದವರು ಮಾಡಿದ ಏರ್ಪಾಡು. ಒಳ್ಳೆಯ ಏರ್ಪಾಡು. ಐದನೆಯ ಟ್ರೇ ಬೇಕೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಎದುರಿನ ಮೇಜಿನಲ್ಲಿ ಕರಡು ತಿದ್ದುವವಳನ್ನು ಎಲ್ಲರೂ ಅಲ್ಪವಿರಾಮ ಎನ್ನುತ್ತಾರೆ. ಮಾತನಾಡುವಾಗಲೂ ಅಲ್ಲಲ್ಲಿ ನಿಲ್ಲುತ್ತಾಳೆ. ಇವತ್ತು ನನ್ನ ಟ್ರೇಗಳನ್ನು ನೋಡಿ, "ಬಾವಿ ತುಂಬಿದೆ, ಸ್ವಲ್ಪ ಸೇದಿ ಹಾಕಿ" ಎಂದಳು.

"ನಾನು ಯಾವ ಟ್ರೇ, ಮೇಡಂ?"

"ನೀನಾ? ನೀನು ಕಥೆಯಲ್ಲೇ ಬರಲ್ಲ."

"ಬದುಕಿದೆ" ಎಂದು ಕರಡಿಗೆ ತಲೆ ಬಾಗಿಸಿದಳು.

ತಂಗಿ ಬಾಗಿಲು. ಇಸ್ತ್ರಿ ಪೆಟ್ಟಿಗೆ ಇದ್ದರೂ ಬಾಗಿಲೇ.

ಮೇ ೧೧

ಬಾಗಿಲಿನ ಕಥೆಗಳ ತೊಂದರೆ ಇದು: ಅವು ಹೊಸ್ತಿಲಲ್ಲಿ ಮುಗಿಯುತ್ತವೆ. ಅವಳು ಹೊರಗೆ ಕಾಲಿಟ್ಟಳು, ಗಾಳಿ ಬೀಸಿತು, ಅಷ್ಟೇ. ಮರುದಿನ ಎದ್ದು ಅಕ್ಕನ ಮನೆಯ ಕಪಾಟು ಒರೆಸುವುದು ಯಾರ ಕಥೆಯಲ್ಲೂ ಇಲ್ಲ. ತಂಗಿ ಕಪಾಟು ಒರೆಸಿದಳು, ಫ್ಯಾನು ಒರೆಸಿದಳು, ನನ್ನ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದಳು. ಈಗ ಯಾವ ಪುಸ್ತಕವೂ ಸಿಗುತ್ತಿಲ್ಲ. ಬೇಡ ಎನ್ನಲಿಲ್ಲ.

ಇವತ್ತು ಅವಳ ಗಂಡನ ಫೋನ್ ಬಂತು. ಮಾತಾಡಿ ಬಂದು ಕುರ್ಚಿಯಲ್ಲಿ ಕೂತಳು.

"ತಿಂಗಳ ಕೊನೆಗೆ ಬರ್ತಾರಂತೆ. ಅಷ್ಟರಲ್ಲಿ ನಾನೊಂದು ಕೆಲಸ ಹುಡುಕ್ಕೊಂಡಿದ್ರೆ ಅಡ್ಡ ಬರಲ್ಲ, ಬಿಡುಗಡೆ ಪತ್ರಕ್ಕೆ ಸಹಿ ಹಾಕ್ತೀನಿ ಅಂದ್ರು. ಇಲ್ದಿದ್ರೆ ಸುಮ್ನೆ ಹೊರಟುಬಾ ಅಂದ್ರು."

"ನೀನು ಹೂಂ ಅಂದ್ಯಾ?"

"ಅಂದೆ. ಸಿಗಲ್ಲ ಅಂತ ಅವ್ರಿಗೆ ಗ್ಯಾರಂಟಿ. ಅದಕ್ಕೇ ಅಷ್ಟು ದೊಡ್ಡ ಮನಸ್ಸು." ಆಮೇಲೆ, "ಸಿಗದೇ ಇದ್ರೆ ಹೋಗ್ತೀನಿ ಅಕ್ಕಾ. ನಿನ್ನ ಸೋಫಾ ಎಷ್ಟು ದಿನ ತಡ್ಕೊಳ್ಳುತ್ತೆ."

ನಲವತ್ನಾಲ್ಕು ವಯಸ್ಸು. ಯಾವ ಕೆಲಸವನ್ನೂ ಮಾಡಿದವಳಲ್ಲ. ಪತ್ರಿಕೆಯಲ್ಲಿ ಕೇಳಿ ನೋಡುತ್ತೇನೆ ಎಂದೆ. ಕೇಳಲಿಲ್ಲ. ಅವಳ ಕಾಗುಣಿತ ನನಗೆ ಗೊತ್ತು.

ಮೇ ೧೪

ಬೆಳಿಗ್ಗೆ ಬೆಳಿಗ್ಗೆ ಹೊರಗೆ ಹೋಗುತ್ತಾಳೆ. ಏನೂ ತಿನ್ನದೆ, ಖಾಲಿ ಹೊಟ್ಟೆಯಲ್ಲಿ. ಎಲ್ಲಿಗೆ ಎಂದರೆ "ಸುಮ್ನೆ, ಕಾಲಾಡಿಸಿಕೊಂಡು ಬರ್ತೀನಿ" ಎನ್ನುತ್ತಾಳೆ. ನಾನು ಕಚೇರಿಗೆ ಹೊರಡುವ ಹೊತ್ತಿಗೆ ಬರುತ್ತಾಳೆ. ಕಣ್ಣು ಕೆಂಡದ ಹಾಗೆ. ಎಲ್ಲೋ ಮರೆಯಲ್ಲಿ ಅತ್ತು, ಎಲ್ಲೋ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬರುತ್ತಾಳೆ. ತಲೆಗೂದಲ ಅಂಚು ಒದ್ದೆ. ನಾನು ನೋಡಿಯೂ ನೋಡದ ಹಾಗಿರುತ್ತೇನೆ. ಅದು ನಮ್ಮ ಮನೆತನದ ಸೌಜನ್ಯ.

ಬೆರಳಿನ ಉಂಗುರ ಇಲ್ಲ. ಕನ್ನಡಿಯ ಮುಂದಿನ ಬಟ್ಟಲಲ್ಲಿ ಬಿದ್ದಿತ್ತು. ಏನೇ ಇದು ಎಂದೆ.

"ಬಿಗಿಯಾಗ್ತಿತ್ತು" ಎಂದಳು. ಬಿಗಿಯಾಗಿರಲಿಲ್ಲ. ಅವಳು ಇಳಿದುಹೋಗಿದ್ದಾಳೆ.

ಮೇ ೧೬

ಬಚ್ಚಲ ಬಾಗಿಲು ಓರೆಯಾಗಿತ್ತು. ಟವೆಲ್ ಕೊಡಲು ಹೋದೆ. ತಂಗಿ ನೀರು ತುಂಬಿದ ಟಬ್ಬಿನ ಮುಂದೆ ಮಂಡಿಯೂರಿ ಮುಖವನ್ನು ನೀರೊಳಗೆ ಇಳಿಸಿದ್ದಳು. ಅಲ್ಲಾಡುತ್ತಿರಲಿಲ್ಲ. ನಾನು ಟವೆಲ್ ಹಿಡಿದು ಬಾಗಿಲಲ್ಲೇ ನಿಂತೆ. ಕಡೆಗೆ ಅವಳೇ ತಲೆ ಎತ್ತಿ, ಏದುಸಿರು ಬಿಡುತ್ತ, ನನ್ನನ್ನು ಕಂಡು ಬೆಚ್ಚಿಬಿದ್ದಳು.

"ಸೆಕೆ" ಎಂದಳು.

"ಹೂಂ" ಎಂದೆ.

ಮೇ ೧೮

ಲೇಖನದಲ್ಲಿ ಬಾವಿಯ ಭಾಗಕ್ಕೆ ಕೈ ಹಾಕಿದೆ. ಉಳಿದ ಮೂರೂ ಎರಡು ವಾರದಿಂದ ಕುಂಟುತ್ತಿವೆ. ಇದು ಒಂದೇ ಉಸಿರಿಗೆ ಬಂತು. ಬಾವಿಯ ಹೆಣ್ಣು ಮುಂಚಿತವಾಗಿ ಹೇಳಿಯೇ ಹೋಗುತ್ತಾಳೆ; ಸುತ್ತಲಿನವರು ಓದಲು ಕಲಿತಿರುವುದಿಲ್ಲ. ಆಭರಣ ತೆಗೆದಿಡುತ್ತಾಳೆ. ಮನೆಯನ್ನು ಅತಿಯಾಗಿ ಒಪ್ಪವಾಗಿಡುತ್ತಾಳೆ. ಊಟ ಬಿಡುತ್ತಾಳೆ. ನೀರನ್ನು ನೋಡುತ್ತಾಳೆ. ಬರೆಯುತ್ತ ಹೋದ ಹಾಗೆ ಬಟ್ಟಲಲ್ಲಿ ಬಿದ್ದಿದ್ದ ಉಂಗುರ ನೆನಪಾಯಿತು.

ಇಷ್ಟು ಸುಳಿವುಗಳನ್ನು ಒಂದೇ ಕಥೆಯಲ್ಲಿ ತುರುಕುವ ಲೇಖಕನಿಗೆ ನಾನು ಸಾಮಾನ್ಯವಾಗಿ ಕಥೆಯನ್ನು ಹಿಂದಿರುಗಿಸುತ್ತೇನೆ.

ಮೇ ೧೯

ಊಟಕ್ಕೆ ಕೂತಾಗ ತಂಗಿ ತಟ್ಟೆಯಲ್ಲಿ ಬೆರಳಾಡಿಸುತ್ತ, "ಅಕ್ಕಾ, ಕಾಲಿಗೆ ನೆಲ ಸಿಗಲ್ಲ ಅಂತ ಗೊತ್ತಾದ್ ತಕ್ಷಣ ಭಯ ಆಗುತ್ತಲ್ಲ, ಅದು ಸ್ವಲ್ಪ ಹೊತ್ತಷ್ಟೇ ಅಂತೆ. ಆಮೇಲೆ ಮೈ ಹಗುರ ಆಗ್ಬಿಡುತ್ತಂತೆ" ಎಂದಳು.

"ಯಾರು ಹೇಳಿದ್ದು?"

"ಯಾರೋ." ಸ್ವಲ್ಪ ನಕ್ಕಳು. ಬಂದ ದಿನದಿಂದ ಇಷ್ಟು ಹಗುರವಾಗಿ ಅವಳು ನಕ್ಕದ್ದಿಲ್ಲ. "ಒಂದು ಕೆಲಸ ಸಿಗೋ ಹಾಗಿದೆ ಕಣೆ. ಶುಕ್ರವಾರ ಬೆಳಿಗ್ಗೆ ಗೊತ್ತಾಗುತ್ತೆ. ಈಗ ಕೇಳ್ಬೇಡ. ಸಿಕ್ರೆ ಹೇಳ್ತೀನಿ."

"ಎಂಥ ಕೆಲಸ?"

"ಕೇಳ್ಬೇಡ ಅಂದ್ನಲ್ಲ. ಒಂದು ವಿಷಯನಾದ್ರೂ ಯಾರ ಅಭಿಪ್ರಾಯನೂ ಇಲ್ದೆ ಮಾಡಿ ನೋಡ್ತೀನಿ."

ಕೊನೆಗೆ ಮುಂಚಿನ ಹಗುರತನ. ತೀರ್ಮಾನ ಆದ ಮೇಲೆ ಬರುವಂಥದ್ದು. ಬಾವಿಯ ಪ್ರತಿ ಕಥೆಯಲ್ಲೂ ಇರುತ್ತದೆ. ಇಲ್ಲದ ಕೆಲಸ, ಒಂದು ನಿಗದಿಯಾದ ದಿನ.

ಮೇ ೨೦

ಅವಳ ಗಂಡನಿಗೆ ಕಚೇರಿಯಿಂದ ಫೋನ್ ಮಾಡಿದೆ. ಬೇರೆ ಯಾರಿಗೆ ಮಾಡಲಿ. ಕಂಡದ್ದನ್ನೆಲ್ಲ ಹೇಳಿದೆ: ಉಂಗುರ, ಟಬ್ಬು, ಊಟ, ಶುಕ್ರವಾರ. ಅವರು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಕಡಿಮೆ.

"ನನಗೆ ಮೊದ್ಲಿಂದ್ಲೂ ಅನುಮಾನ ಇತ್ತು ಅಕ್ಕಾ" ಎಂದರು. "ಅದಕ್ಕೇ ನಾನು ಅಷ್ಟು ಹಿಡ್ಕೊಂಡಿದ್ದು. ಜನ ತಪ್ಪು ತಿಳ್ಕೋತಾರೆ."

ಏನು ಮಾಡಬೇಕೆಂದು ಕೇಳಿದೆ. ಸದ್ಯಕ್ಕೆ ಒಬ್ಬಳನ್ನೇ ಹೊರಗೆ ಬಿಡಬೇಡಿ ಎಂದರು. ದನಿಯಲ್ಲಿ ಗದ್ಗದ ಇತ್ತು. ನಾವಿಬ್ಬರೂ ಇಷ್ಟು ದಿನ ಮಾತಾಡದೆ ಇದ್ದದ್ದು ತಪ್ಪು ಅನ್ನಿಸಿತು.

ಮೇ ೨೧

ತಂಗಿಯ ಫೋನು ನನ್ನ ಚೀಲದಲ್ಲಿದೆ. ರಿಪೇರಿಗೆ ಕೊಡುತ್ತೇನೆ, ಚಾರ್ಜ್ ನಿಲ್ಲುತ್ತಿಲ್ಲವಲ್ಲ ಎಂದೆ. ಚಾರ್ಜ್ ನಿಜವಾಗಿಯೂ ನಿಲ್ಲುತ್ತಿರಲಿಲ್ಲ.

ಮಧ್ಯಾಹ್ನ ಅದಕ್ಕೆ ಒಂದು ಕರೆ ಬಂತು. ಯಾವಳೋ ಗಟ್ಟಿ ದನಿಯ ಹೆಂಗಸು, ಹಿಂದೆ ಗದ್ದಲ, ಸೀಟಿಯ ಸದ್ದು. "ನಾಳೆ ಆರೂವರೆಗೆ ಅಂತ ನೆನಪು ಮಾಡಿ ಅವ್ರಿಗೆ" ಎಂದಳು. ರೈಲ್ವೆ ಸ್ಟೇಷನ್ ಅನ್ನಿಸಿತು. ಅಥವಾ ಲೆವೆಲ್ ಕ್ರಾಸಿಂಗ್.

ಅವಳಿಗೆ ಹುಷಾರಿಲ್ಲ, ಮಲಗಿದ್ದಾಳೆ ಎಂದೆ.

ಮೇ ೨೨

ಬೆಳಿಗ್ಗೆ ಐದಕ್ಕೇ ಎದ್ದು, ಹೊರಗಿನಿಂದ ಬೀಗ ಹಾಕಿ ಕಚೇರಿಗೆ ಹೋದೆ. ಒಳಗೆ ಬ್ರೆಡ್ಡು, ಹಾಲು, ಹಣ್ಣು ಎಲ್ಲ ಇಟ್ಟಿದ್ದೆ. ಚೂರಿ ಮಾತ್ರ ನನ್ನ ಚೀಲಕ್ಕೆ ಹಾಕಿಕೊಂಡೆ. ಕಾವಲಿನವನು ಕಚೇರಿಯ ಗೇಟು ತೆಗೆಯುವ ತನಕ ಮೆಟ್ಟಿಲ ಮೇಲೆ ಕೂತಿದ್ದೆ.

ಲೇಖನ ಮುಗಿಯಿತು. ಸಂಜೆ ಮನೆಗೆ ಹೋದಾಗ ಎಲ್ಲ ಇಟ್ಟಲ್ಲೇ ಇತ್ತು. ತಂಗಿ ಮಂಚದ ಅಂಚಿನಲ್ಲಿ ಕೂತಿದ್ದಳು, ಪಾದಗಳು ಚಪ್ಪಲಿಯಲ್ಲೇ ಇದ್ದವು. ಅಂಗೈಯ ಬದಿ ಕೆಂಪಾಗಿ ಊದಿತ್ತು; ಬಾಗಿಲು ಬಡಿದಿರಬೇಕು. ಮುಲಾಮು ಹಚ್ಚಿದೆ. ಕೈ ಎಳೆದುಕೊಳ್ಳಲಿಲ್ಲ.

ಆದರೆ ಬದುಕಿದ್ದಾಳೆ. ಶುಕ್ರವಾರ ಕಳೆಯಿತು, ಅವಳು ಬದುಕಿದ್ದಾಳೆ.

ಮೇ ೨೩

ಆ ಗಟ್ಟಿ ದನಿಯವಳು ಮನೆ ಹುಡುಕಿಕೊಂಡು ಬಂದಳು. ಅಗಲ ಭುಜದ, ಗಂಡಸರ ಹಾಗೆ ಕತ್ತರಿಸಿದ ತಲೆಯ ಹೆಂಗಸು, ಕೊರಳಲ್ಲಿ ಸೀಟಿ. ಹಿಂದಿನ ಬೀದಿಯ ಪುರಸಭೆಯ ಈಜುಕೊಳದ ಮೇಲ್ವಿಚಾರಕಿಯಂತೆ. ಒಳಗೆ ಬರುತ್ತಲೇ ಔಷಧಿ ಹಾಕಿದ ನೀರಿನ ವಾಸನೆ ಬಂತು. ಇಷ್ಟು ದಿನ ತಂಗಿಯ ತಲೆಗೂದಲಿಂದ ಬರುತ್ತಿದ್ದ ವಾಸನೆ ಅದೇ.

"ಏನ್ ತಾಯಿ, ಕೈಕೊಟ್ಟುಬಿಟ್ರಿ" ಎಂದು ತಂಗಿಯನ್ನು ಕೇಳಿದಳು. "ಜ್ವರ ಇಳೀತಾ?"

ತಂಗಿ ನನ್ನ ಕಡೆ ನೋಡಿದಳು. "ಇಳೀತು" ಎಂದಳು.

ಹೆಂಗಸರ ವೇಳೆಯಲ್ಲಿ ಟವೆಲು, ಕಪಾಟಿನ ಕೀಲಿ ಕೊಡಲು ಒಬ್ಬಳು ಬೇಕಿತ್ತಂತೆ. ಹಿಂದುಗಡೆ ಇರಲು ಒಂದು ಕೋಣೆಯೂ ಇದೆ. "ಟವೆಲ್ ಕೊಡೋಳೂ ಕೊಳ ಒಂದ್ಸಲ ದಾಟಿ ತೋರಿಸ್ಬೇಕು ಮೇಡಂ, ನಮ್ಮಲ್ಲಿ ಹಾಗೇ ನಿಯಮ" ಎಂದು ನನಗೆ ವಿವರಿಸಿದಳು. "ನಿಮ್ಮ ತಂಗಿಗೆ ಮೊದಲ ದಿನ ಮುಖಕ್ಕೆ ನೀರು ತಾಗಿದ್ರೆ ಸಾಕು, ಬೆಕ್ಕಿನ ಹಾಗೆ ಒದ್ದಾಡೋರು. ಮನೇಲಿ ಟಬ್ಬಲ್ಲಿ ಉಸಿರು ಹಿಡಿಯೋದು ಅಭ್ಯಾಸ ಮಾಡಿ ಅಂದೆ. ಉಂಗುರ ಗಿಂಗುರ ಹಾಕ್ಕೊಂಡು ಇಳೀಬೇಡಿ, ಹೊಟ್ಟೆ ತುಂಬ ತಿಂದು ಬರ್ಬೇಡಿ ಅಂದೆ. ಕಣ್ಣು ಉರಿಯುತ್ತೆ ಅಂತ ದಿನಾ ಗೋಳು, ಆದ್ರೂ ಬಿಡ್ಲಿಲ್ಲ. ಬುಧವಾರ ಆ ದಡದಿಂದ ಈ ದಡಕ್ಕೆ ಬಂದೇಬಿಟ್ರು. ನಿನ್ನೆ ಅಧಿಕಾರಿಗಳ ಮುಂದೆ ಅದನ್ನೇ ಮಾಡಿದ್ರೆ ಆಗ್ತಿತ್ತು."

"ಇನ್ನೊಂದು ದಿನ ಆಗಲ್ವಾ?" ಎಂದೆ.

"ಅಯ್ಯೋ, ನಿನ್ನೆ ಬಂದ ಇನ್ನೊಬ್ಬಳನ್ನ ತಗೊಂಡ್ರು. ಅವಳಿಗೆ ಅರ್ಧಕ್ಕೇ ದಮ್ಮು ಕಟ್ತು. ಆದ್ರೂ ಬಂದಿದ್ದಳಲ್ಲ."

ಚಹಾ ಕುಡಿಯದೆ ಹೋದಳು.

ಸುಳಿವುಗಳನ್ನು ನಾನು ಒಂದನ್ನೂ ತಪ್ಪಿಸಿಕೊಂಡಿರಲಿಲ್ಲ. ಎಲ್ಲವೂ ಸರಿಯಾಗಿಯೇ ಇದ್ದವು. ಕಥೆ ಬೇರೆಯದಾಗಿತ್ತು.

ಮೇ ೨೪

ಅವಳ ಫೋನು ಹಿಂದಿರುಗಿಸಿದೆ. ರಿಪೇರಿ ಆಯಿತಾ ಎಂದು ಕೇಳಿದಳು. ಆಯಿತು ಎಂದೆ.

ಮೇ ೨೭

ಈಜುಕೊಳಕ್ಕೆ ಹೋಗಿಬಂದೆ. ಅಧಿಕಾರಿ ನನ್ನನ್ನು ಕೂರಿಸಿ ಮಾತಾಡಿಸಿದರು, ನಮ್ಮ ಪತ್ರಿಕೆಯ ಓದುಗರಂತೆ, ಕಥೆಗಳು ಮೊದಲಿನ ಹಾಗಿಲ್ಲ ಎಂದರು. ಕೆಲಸದ ವಿಷಯಕ್ಕೆ ಬಂದಾಗ ಕೈ ಚೆಲ್ಲಿದರು. ಗಾಜಿನ ಆಚೆ ಹೊಸಬಳು ಟವೆಲ್ ಮಡಿಸುತ್ತಿದ್ದಳು. ಚಿಕ್ಕವಳು. ಮಡಿಸುವುದು ಬರುವುದಿಲ್ಲ.

ಮನೆಗೆ ಬಂದು ತಂಗಿಗೆ ಹೇಳಿದೆ. ಬೇರೆ ಕಡೆ ಹುಡುಕೋಣ, ಗಂಡನ ಹತ್ತಿರ ಇನ್ನೊಂದು ತಿಂಗಳು ಕೇಳೋಣ, ಅಥವಾ ಕೇಳುವುದೇ ಬೇಡ, ಇಲ್ಲೇ ಇರು ಎಂದೆ. ಅವಳು ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು.

"ಇಲ್ಲೇ ಇರು ಅಂದ್ರೆ ಎಲ್ಲಿ?" ಎಂದಳು.

"ನನ್ನ ಜೊತೆ."

"ನೀನು ಬೀಗ ಹಾಕಿದ್ದು ಯಾಕೆ ಅಂತ ನನಗೆ ಗೊತ್ತು ಅಕ್ಕಾ. ನನ್ನ ಮೇಲಿನ ಪ್ರೀತಿಯಿಂದ. ನಾನು ಏನೋ ಮಾಡ್ಕೋತೀನಿ ಅಂತ ಹೆದರಿಕೊಂಡೆ." ಸೀರೆ ತಿರುಗಿಸಿ ಹಾಕಿದಳು. "ಅವ್ರೂ ಹಾಗೇ. ಅಲ್ಲಾದ್ರೆ ಮಂಚ ದೊಡ್ಡದು."

"ನನ್ನನ್ನೂ ಅವರನ್ನೂ ಒಂದೇ ತಕ್ಕಡಿಯಲ್ಲಿ ಹಾಕ್ಬೇಡ."

"ಹಾಕ್ತಿಲ್ಲಪ್ಪ. ಅವ್ರ ಮೇಲಾದ್ರೆ ಸಿಟ್ಟು ಮಾಡ್ಕೋಬಹುದು."

ನನಗೊಂದು ಮಾತು ತಿಳಿಸಬಹುದಿತ್ತಲ್ಲ ಎಂದೆ. ಎಲ್ಲಿಗೆ ಹೋಗುತ್ತೀ ಎಂದು ಎಷ್ಟು ಸಲ ಕೇಳಿದೆ, ಹೇಳಬಹುದಿತ್ತಲ್ಲ.

"ಹೇಳಿದ್ರೆ ನೀನು ಏನಂತಿದ್ದೆ ಹೇಳು. ನಿಜ ಹೇಳು."

ಈ ವಯಸ್ಸಿನಲ್ಲಾ ಎನ್ನುತ್ತಿದ್ದೆ. ನಿನಗೆ ಬಾಗಿಲ ಟ್ರೇ ಗಟ್ಟಿಯಾಯಿತು ಎಂದೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಅವಳು ಉತ್ತರಕ್ಕೆ ಕಾಯಲಿಲ್ಲ. ಸೀರೆಯ ಮಡಿಕೆಗಳು ಗೆರೆ ಎಳೆದ ಹಾಗಿದ್ದವು.

ಮೇ ೩೦

ಅವಳ ಗಂಡ ಬಂದರು. ಹಣ್ಣು ತಂದಿದ್ದರು. ಹೆಚ್ಚು ಹೊತ್ತು ಕೂರಲಿಲ್ಲ. ಅವಳ ಚೀಲವನ್ನು ತಾವೇ ಎತ್ತಿಕೊಂಡು, ಮೆಟ್ಟಿಲಲ್ಲಿ ಅವಳ ಮೊಣಕೈ ಹಿಡಿದು ಇಳಿಸಿದರು, ರೋಗಿಯನ್ನು ಇಳಿಸುವ ಹಾಗೆ. ಮೊದಲ ತಿರುವಿನಲ್ಲಿ ಅವಳ ಹೆಜ್ಜೆ ನಿಜವಾಗಿಯೂ ತಡವರಿಸಿತು.

ನಾನು ಮೇಲೆಯೇ ನಿಂತಿದ್ದೆ. ಅವಳು ತಿರುಗಿ ನೋಡಿ, "ಪುಸ್ತಕ ಎಲ್ಲ ನಿನಗೆ ಬೇಕಾದ ಹಾಗೆ ಇಟ್ಕೋ" ಎಂದಳು.

ಜೂನ್ ೩

ಏನೂ ಇಲ್ಲ. ಮಂಚದಲ್ಲಿ ಮಲಗಿದರೆ ನಿದ್ದೆ ಬರುವುದಿಲ್ಲ. ಸೋಫಾ.

ಜೂನ್ ೯

ವಿಶೇಷ ಸಂಚಿಕೆ ಬಂತು. ಸಂಪಾದಕರು ನನ್ನ ಮೇಜಿನ ತನಕ ಬಂದು, "ಬಾವಿಯ ಭಾಗ ಓದಿ ಮೈ ನಡುಗಿತು. ಇದನ್ನ ಯಾರೋ ಕಣ್ಣಾರೆ ಕಂಡೋರು ಬರೆದ ಹಾಗಿದೆ" ಎಂದರು. ಧನ್ಯವಾದ ಎಂದೆ. ಓದುಗರ ಪತ್ರಗಳೂ ಬರುತ್ತಿವೆ. ಒಬ್ಬರು ತಮ್ಮ ಸೊಸೆಯಲ್ಲಿ ಆ ಎಲ್ಲ ಲಕ್ಷಣಗಳಿವೆ, ಎಚ್ಚರಿಸಿದ್ದಕ್ಕೆ ಉಪಕಾರವಾಯಿತು ಎಂದು ಬರೆದಿದ್ದಾರೆ.

ಅಲ್ಪವಿರಾಮ ಆ ಪತ್ರವನ್ನು ಓದಿ ಮಡಿಸಿ ನನ್ನ ಕಡೆ ತಳ್ಳಿದಳು.

"ಪಾಪ, ಆ ಸೊಸೆ" ಎಂದಳು. ಅವಳ ಮಾತಿನಲ್ಲಿ ಈ ಸಲ ಎಲ್ಲೂ ನಿಲುಗಡೆ ಇರಲಿಲ್ಲ.

ಹೊಸ ಕಥೆಗಳ ಕಟ್ಟು ಹಾಗೇ ಇದೆ. ಓದುತ್ತೇನೆ, ಮುಗಿಸುತ್ತೇನೆ, ಕೈಯಲ್ಲಿ ಹಿಡಿದು ಕೂತಿರುತ್ತೇನೆ. ಕಣ್ಣು ಮಂಜಾಗಿದೆ. ಕನ್ನಡಕದ ನಂಬರು ಬದಲಾಗಿರಬೇಕು.

ಜೂನ್ ೧೭

ತಂಗಿಗೆ ಫೋನ್ ಮಾಡಿದೆ. ಅವಳ ಗಂಡ ಎತ್ತಿಕೊಂಡರು. ಅವಳಿಗೆ ಹುಷಾರಿಲ್ಲ, ಮಲಗಿದ್ದಾಳೆ ಎಂದರು. ಹಿಂದೆ ಎಲ್ಲೋ ಹತ್ತಿರದಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದಾಯಿತು.

ನಿಮ್ಮ ಲೇಖನ ಓದಿದೆ ಎಂದರು. ಎರಡು ಸಲ ಓದಿದರಂತೆ. "ನೀವು ಅವತ್ತು ಫೋನ್ ಮಾಡದೇ ಇದ್ದಿದ್ರೆ ನನಗೆ ಇದೆಲ್ಲ ಗೊತ್ತೇ ಆಗ್ತಿರ್ಲಿಲ್ಲ. ಈಗ ಒಂದು ಕ್ಷಣನೂ ಒಬ್ಬಳನ್ನೇ ಬಿಡ್ತಿಲ್ಲ ಅಕ್ಕಾ. ನಾನಿಲ್ದಾಗ ನಮ್ಮ ತಾಯಿ ಇರ್ತಾರೆ. ಬಚ್ಚಲಮನೆ ಒಳಗಡೆ ಚಿಲಕ ಇತ್ತಲ್ಲ, ಅದನ್ನೂ ಬಿಚ್ಚಿಸಿಬಿಟ್ಟೆ."

ನಾನು ತಪ್ಪು ತಿಳಿದಿದ್ದೆ ಎಂದೆ. ಅದನ್ನು ಹೇಳುವುದಕ್ಕೇ ಫೋನ್ ಮಾಡಿದ್ದು. ಅವಳು ಈಜು ಕಲಿಯುತ್ತಿದ್ದಳು, ಅಷ್ಟೇ. ಟಬ್ಬು ಅದಕ್ಕೆ, ಉಂಗುರ ಅದಕ್ಕೆ. ಬೇರೆ ಏನೂ ಇರಲಿಲ್ಲ. ಅವಳಿಗೆ ಏನೂ ಆಗಿಲ್ಲ, ಅವಳನ್ನು ಅವಳ ಪಾಡಿಗೆ ಬಿಡಿ ಎಂದೆ.

ಅವರು ಎಂದಿನ ಹಾಗೆ ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದರು.

"ದಿನಾ ಹೋಗ್ತಿದ್ಲಾ, ನೀರಿನ ಹತ್ರ?" ಎಂದರು.

"ಈಜೋಕೆ."

"ಆಳದ ಕಡೆಗೂ?"

ಕೊಳ ದಾಟಬೇಕಿತ್ತಲ್ಲ ಎಂದೆ.

"ಹೇಳಿದ್ದು ಒಳ್ಳೇದಾಯ್ತು" ಎಂದರು. ಅವರ ದನಿ ನಡುಗುತ್ತಿತ್ತು. ನಟನೆ ಅಲ್ಲ, ನಿಜವಾಗಿ ಹೆದರಿದ್ದರು. "ಇದು ನನಗೆ ಗೊತ್ತಿರ್ಲಿಲ್ಲ. ಅವಳೂ ಬಾಯಿ ಬಿಟ್ಟಿಲ್ಲ ನೋಡಿ. ಇನ್ಮೇಲೆ ಸ್ನಾನಕ್ಕೆ ಅಮ್ಮನೇ ನೀರು ಹಾಕ್ಲಿ." ಕಾಗದದ ಮೇಲೆ ಏನೋ ಗುರುತು ಹಾಕಿಕೊಂಡ ಹಾಗಿತ್ತು. "ಬೇರೆ ಏನಾದ್ರೂ ಇದ್ಯಾ ಅಕ್ಕಾ, ನಾನು ತಿಳ್ಕೊಂಡಿರಬೇಕಾದ್ದು?"

ಇಲ್ಲ ಎಂದೆ.